ಚೀನಾ ಟೀ ಹುಳಿಯಾಗಿದ್ದರೆ ನಿಂಬೆಹುಳಿ ಬೆರೆಸಿದ್ದಾರೆ ಅಂತಲ್ಲ

‘ಚೀನಾದ ಟೀ ಕುಡಿದಾಗ ಹುಳಿ ಅನಿಸಿದರೆ ಅದಕ್ಕೆ ನಿಂಬೆಹುಳಿ ಬೆರೆಸಿದ್ದಾರೆ, ಇಲ್ಲವೇ ಅದು ಕೆಟ್ಟಿದೆ’ ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಪೂರ್ತಿ ಸರಿಯಲ್ಲ.

ಫುಜಿಯಾನ್ ಪ್ರಾಂತ್ಯದ ಆನ್‌ಶಿಯಲ್ಲಿ ತಯಾರಾಗುವ ತಿಯೆಗ್ವಾನ್‌ಯಿನ್ ಎಂಬ ಊಲಾಂಗ್ (ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಬಗೆ) ಟೀಯನ್ನೇ ನೋಡಿ. ಕಿತ್ತ ಎಲೆಯನ್ನು ಬಾಡಿಸಿ, ಕುಲುಕಿ, ಹರಡಿ ಬಿಡುತ್ತಾರೆ. ಆಮೇಲೆ ಬಿಸಿ ಡ್ರಮ್ಮಿನಲ್ಲಿ ಹುರಿದಾಗ ಎಲೆಯೊಳಗಿನ ಕಿಣ್ವಗಳ ಕೆಲಸ ನಿಲ್ಲುತ್ತದೆ. ಈ ಹುರಿಯುವ ಕೆಲಸವನ್ನು ಬೇಕೆಂದೇ ತಡ ಮಾಡಿದರೆ ಎಲೆಗೆ ತಾನಾಗಿಯೇ ತೆಳು ಹುಳಿ ಬರುತ್ತದೆ. ಆ ಬಗೆಯ ಟೀಗೆ ‘ತುವೊ ಸುವಾನ್’ ಎನ್ನುತ್ತಾರೆ. ‘ಸುವಾನ್’ ಅಂದರೆ ಹುಳಿ. ಹೆಸರಲ್ಲೇ ಇದೆ, ಅಲ್ವಾ? ಎಲ್ಲರಿಗೂ ಹಿಡಿಸಲ್ಲ, ಆದರೆ ಇಷ್ಟಪಟ್ಟು ಕೇಳಿ ಕೊಳ್ಳುವವರಿದ್ದಾರೆ.

ಸಂದೇಶದಲ್ಲಿ ಒಂದು ಮಾತು ಅರ್ಧ ನಿಜ. ತೇವದಲ್ಲಿಟ್ಟ ಪುಅರ್ ಟೀ (ಹುದುಗು ಬರಿಸಿ ಹಳೆಯದಾಗಿಸುವ ಚೀನಾದ ಟೀ) ಹುಳಿಯಾಗಿ, ಜೊತೆಗೆ ಮುಗ್ಗಲು ವಾಸನೆ ಬಂದರೆ ಅದು ಕೆಟ್ಟದ್ದೇ. ಸುಮ್ನೆ ಚೆಲ್ಲಿಬಿಡಿ.

ಇನ್ನು ಗುವಾಂಗ್‌ಡಾಂಗ್‌ನ ಶಿನ್‌ಹುಯಿಯಲ್ಲಿ ಎಳೆಯ ಹಸಿರು ಕಿತ್ತಳೆಯ ತಿರುಳು ತೆಗೆದು, ಸಿಪ್ಪೆಯೊಳಗೆ ಪುಅರ್ ತುಂಬಿ ಒಣಗಿಸುತ್ತಾರೆ. ಅಲ್ಲಿ ಹಣ್ಣು ಬೆರೆತಿರುವುದು ಕಣ್ಣಿಗೇ ಕಾಣುತ್ತದೆ.