ಶಿಕ್ಷಕ ಪ್ರತಿನಿಧಿ: ಗೈರುಹಾಜರು

ಶಿಕ್ಷಣ ಸುಧಾರಣೆಯ ಸಭೆಗಳಲ್ಲಿ ನಡಾವಳಿ ಬರೆಯುವ ಕೆಲಸ ಕೆಲವು ಸಲ ನನ್ನ ಪಾಲಿಗೆ ಬಂದಿದೆ. ಆ ಅನುಭವದ ಬಲದಿಂದ ಹೇಳುತ್ತೇನೆ: ನೀತಿ ರೂಪಿಸುವಲ್ಲಿ ಶಿಕ್ಷಕರಿಗೆ ಜಾಗವೇ ಇಲ್ಲ ಎಂಬುದು ಶುದ್ಧ ಅಪಪ್ರಚಾರ. ಜಾಗವಿದೆ. ಕುರ್ಚಿಯಿದೆ. ಕುರ್ಚಿಯ ಮುಂದೆ ದಪ್ಪ ಕಾಗದವನ್ನು ಗುಡಾರದಂತೆ ಮಡಚಿ ನಿಲ್ಲಿಸಿದ ಫಲಕವೂ ಇದೆ. ಉಳಿದವರ ಫಲಕಗಳಲ್ಲಿ ಹೆಸರು, ಪದವಿ, ಹುದ್ದೆ ಎಲ್ಲವೂ ಒತ್ತೊತ್ತಾಗಿ ಕುಳಿತಿರುತ್ತವೆ. ಇದರಲ್ಲಿ ಮಾತ್ರ ‘ಶಿಕ್ಷಕ ಪ್ರತಿನಿಧಿ’ ಎಂದಷ್ಟೇ. ಯಾರು ಬಂದರೂ ಆದೀತು, ಯಾರೂ ಬಾರದಿದ್ದರೂ ಆದೀತು.

ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಸಭೆ ಇರುವುದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಶಿಕ್ಷಕರು ಕಡ್ಡಾಯವಾಗಿ ತರಗತಿಯಲ್ಲೇ ಇರಬೇಕು, ಇಲ್ಲದಿದ್ದರೆ ಕ್ರಮ ಕೈಗೊಳ್ಳಬೇಕು ಎಂದು ಹಿಂದಿನ ಸಭೆಯೇ ತೀರ್ಮಾನಿಸಿದೆ. ಹಾಗಾಗಿ ನಾನು ಪ್ರತಿ ಸಲವೂ ‘ಶಿಕ್ಷಕ ಪ್ರತಿನಿಧಿ: ಗೈರುಹಾಜರು’ ಎಂದು ಬರೆಯುತ್ತೇನೆ. ಈ ಜನಕ್ಕೆ ಸುಧಾರಣೆಯಲ್ಲಿ ಆಸಕ್ತಿಯೇ ಇಲ್ಲವಲ್ಲ ಎಂದು ಸದಸ್ಯರು ಪ್ರತಿ ಸಲವೂ ಮರುಗುತ್ತಾರೆ. ಸದಸ್ಯರೆಲ್ಲ ತಜ್ಞರು. ಎಲ್ಲರೂ ಒಂದು ಕಾಲದಲ್ಲಿ ಶಾಲೆಗೆ ಹೋಗಿದ್ದವರು; ಹಲ್ಲು ಕೀಳಿಸಿಕೊಂಡವರನ್ನೆಲ್ಲ ದಂತವೈದ್ಯರೆಂದು ಒಪ್ಪಿಕೊಳ್ಳುವ ಉದಾರತೆ ಶಿಕ್ಷಣ ಕ್ಷೇತ್ರದಲ್ಲಿ ಮಾತ್ರ ಉಳಿದಿದೆ.

ಒಮ್ಮೆ ಮಾತ್ರ ಪ್ರಮಾದವಾಯಿತು. ರಜೆ ಹಾಕಿಕೊಂಡು ಒಬ್ಬ ಶಿಕ್ಷಕಿ ಬಂದೇಬಿಟ್ಟರು.

ಅಂದಿನ ವಿಷಯ ‘ಪ್ರತಿ ಮಗುವಿನತ್ತ ವೈಯಕ್ತಿಕ ಗಮನ’. ಸಲಹೆಗಾರರೊಬ್ಬರು ಪರದೆಯ ಮೇಲೆ ಬಾಣಗಳನ್ನೂ ವೃತ್ತಗಳನ್ನೂ ಓಡಿಸಿ, ದಿನವೂ ಪ್ರತಿ ಪೀರಿಯಡ್ಡಿನಲ್ಲಿ ಒಂದೊಂದು ಮಗುವಿಗೆ ಕನಿಷ್ಠ ಮೂರು ನಿಮಿಷ ಮೀಸಲಿಡಬೇಕು ಎಂದರು. ಚಪ್ಪಾಳೆ ಬಿತ್ತು. ಶಿಕ್ಷಕಿ ತಮ್ಮ ಮುಂದಿದ್ದ ಫಲಕವನ್ನು ಎತ್ತಿಕೊಂಡು ಅದರ ಬೆನ್ನ ಮೇಲೆ ಪೆನ್ನಿನಿಂದ ಏನೋ ಗೀಚಿದರು. ಬೇರೆ ಕಾಗದ ಕೊಟ್ಟಿರಲಿಲ್ಲ.

“ಸರ್, ನನ್ನ ತರಗತಿಯಲ್ಲಿ ನಲವತ್ತೆರಡು ಮಕ್ಕಳು. ತಲಾ ಮೂರು ನಿಮಿಷ ಅಂದರೆ ನೂರ ಇಪ್ಪತ್ತಾರು ನಿಮಿಷ. ಪೀರಿಯಡ್ಡು ಇರುವುದು ನಲವತ್ತು ನಿಮಿಷ” ಎಂದರು.

ಸಭೆಯಲ್ಲಿ ಮುಜುಗರದ ಮೌನ. ಅಧ್ಯಕ್ಷರು ಸಜ್ಜನರು. “ಮೇಡಂ, ನೀವು ವಿವರಗಳಿಗೆ ಇಳಿಯುತ್ತಿದ್ದೀರಿ. ನಾವಿನ್ನೂ ದೃಷ್ಟಿಕೋನದಲ್ಲಿದ್ದೇವೆ” ಎಂದು ಸಮಾಧಾನ ಹೇಳಿದರು. ಸಲಹೆಗಾರರಂತೂ ಸಮಸ್ಯೆಯ ಬೇರನ್ನೇ ಹಿಡಿದರು: ಶಿಕ್ಷಕರಿಗೆ ಸಮಯ ನಿರ್ವಹಣೆ ಬರುವುದಿಲ್ಲ, ಐದು ದಿನಗಳ ತರಬೇತಿ ಕೊಡಬೇಕು. ಆ ಐದು ದಿನ ನಲವತ್ತೆರಡು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಶಿಕ್ಷಕಿ ಕೇಳಲು ಹೊರಟಾಗ ಊಟದ ವಿರಾಮ ಘೋಷಣೆಯಾಯಿತು. ನಡಾವಳಿಯಲ್ಲಿ ನಾನು ‘ಶಿಕ್ಷಕ ಪ್ರತಿನಿಧಿಯವರು ಪ್ರಸ್ತಾವವನ್ನು ಸ್ವಾಗತಿಸಿದರು’ ಎಂದು ಬರೆದೆ. ಬರೆದೆ ಎನ್ನುವುದೂ ತಪ್ಪು. ಎರಡು ದಿನ ಮೊದಲೇ ಸಿದ್ಧವಾಗಿದ್ದ ಕರಡಿನಲ್ಲಿ ಆ ವಾಕ್ಯ ಇತ್ತು, ನಾನು ಅಳಿಸಲಿಲ್ಲ.

ಈ ಪದ್ಧತಿಗೆ ದೊಡ್ಡ ಪರಂಪರೆಯೇ ಇದೆ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿ ‘ಫಲಿತಾಂಶಕ್ಕೆ ತಕ್ಕ ಪಾವತಿ’ಯನ್ನು ಜಾರಿಗೆ ತಂದರು. ಇನ್ಸ್‌ಪೆಕ್ಟರ್ ಬಂದು ಓದು, ಬರಹ, ಲೆಕ್ಕದಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಬೇಕು. ತಪ್ಪಿದ ಮಗುವಿನ ಲೆಕ್ಕದಲ್ಲಿ ಶಾಲೆಯ ಅನುದಾನಕ್ಕೆ ಕತ್ತರಿ. ಈ ವ್ಯವಸ್ಥೆ ಅಗ್ಗವಾಗದಿದ್ದರೆ ದಕ್ಷವಾಗಿರುತ್ತದೆ, ದಕ್ಷವಾಗದಿದ್ದರೆ ಅಗ್ಗವಾಗಿರುತ್ತದೆ ಎಂದು ಅವರು ಸಂಸತ್ತಿಗೇ ಭರವಸೆ ಕೊಟ್ಟರು. ಅಷ್ಟು ಪ್ರಾಮಾಣಿಕವಾದ ನೀತಿ ಹೇಳಿಕೆ ಆಮೇಲೆ ಬಂದಂತಿಲ್ಲ. ಮಕ್ಕಳು ಓದಲು ಕಲಿಯುವ ಬದಲು ಪರೀಕ್ಷೆಯ ಪುಸ್ತಕವನ್ನೇ ಬಾಯಿಪಾಠ ಮಾಡಿದರು. ಕವಿ ಮ್ಯಾಥ್ಯೂ ಅರ್ನಾಲ್ಡ್ ಸ್ವತಃ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು, ಇದು ಕೆಟ್ಟ ಪದ್ಧತಿ ಎಂದು ಆಗಲೇ ಬರೆದರು. ಅದನ್ನು ಕೈಬಿಟ್ಟದ್ದು 1890ರ ದಶಕದಲ್ಲಿ. ಶಾಲೆಯೊಳಗೆ ಕಾಲಿಟ್ಟವರಿಗೆ ಗೊತ್ತಾದದ್ದು ಮೇಲಿನವರೆಗೆ ತಲುಪಲು ಮೂವತ್ತು ವರ್ಷ ಹಿಡಿಯಿತು ಎನ್ನಬಹುದು. ಕಡತಗಳು ಚಲಿಸುವ ವೇಗಕ್ಕೆ ಹೋಲಿಸಿದರೆ ಇದು ಕೆಟ್ಟದ್ದೇನಲ್ಲ.

ಅಮೆರಿಕದವರು ಇನ್ನೂ ಮುಂದೆ ಹೋದರು. 2014ರ ಹೊತ್ತಿಗೆ ದೇಶದ ಪ್ರತಿಯೊಂದು ಮಗುವೂ, ಅಂದರೆ ನೂರಕ್ಕೆ ನೂರು, ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಲೇಬೇಕು ಎಂದು 2002ರಲ್ಲಿ ಕಾನೂನನ್ನೇ ಮಾಡಿದರು. ಒಂದು ವರ್ಷ ಪಾಠ ಮಾಡಿದ ಯಾರನ್ನು ಕೇಳಿದ್ದರೂ ನಕ್ಕುಬಿಡುತ್ತಿದ್ದರು, ಅದಕ್ಕೇ ಕೇಳಲಿಲ್ಲವೇನೋ. 2014 ಬಂತು, ಹೋಯಿತು. 2015ರಲ್ಲಿ ಮಕ್ಕಳನ್ನು ಬದಲಿಸಲಾಗದೆ ಕಾನೂನನ್ನು ಬದಲಿಸಿದರು.

ಅಲ್ಲಿನ ಟೆನೆಸಿ ರಾಜ್ಯದ ಕತೆ ನನಗೆ ಇನ್ನೂ ಪ್ರಿಯ. 2010ರ ಸುಧಾರಣೆಯ ನಂತರ ಮಕ್ಕಳ ಪರೀಕ್ಷಾ ಅಂಕಗಳಿಂದ ಶಿಕ್ಷಕರನ್ನು ಅಳೆಯಲು ಹೊರಟರು. ಚಿತ್ರಕಲೆಗೆ, ಸಂಗೀತಕ್ಕೆ ಅಂಥ ಪರೀಕ್ಷೆ ಇರಲಿಲ್ಲ. ಏನು ಮಾಡುವುದು? ಇಡೀ ಶಾಲೆಯ ಅಂಕಗಳನ್ನೇ ಅವರ ತಲೆಗೂ ಕಟ್ಟಿದರು. ಮಗು ಭಿನ್ನರಾಶಿಯಲ್ಲಿ ಎಡವಿದರೆ ಬಣ್ಣ ಹಚ್ಚಲು ಕಲಿಸಿದವರ ಅಂಕ ಇಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಬರೀ ಗಾದೆ ಎಂದುಕೊಂಡಿದ್ದೆ. ಅದು ಮೌಲ್ಯಮಾಪನ ಮಾದರಿಯೂ ಹೌದು. ಕೊನೆಗೆ ಮೆಂಫಿಸ್ ನಗರದ ಕಲಾ ಶಿಕ್ಷಕರೇ ಕುಳಿತು, ಮಕ್ಕಳ ಕೆಲಸಗಳನ್ನು ಸಂಗ್ರಹಿಸಿ, ಆ ಕಲೆ ಬಲ್ಲವರಿಂದ ಅಳೆಯಿಸುವ ವಿಧಾನವನ್ನು ರೂಪಿಸಿದರು. ರಾಜ್ಯ ಅದನ್ನು ಒಪ್ಪಿಕೊಂಡಿತು. ಇಂಥ ಆತಂಕಕಾರಿ ಉದಾಹರಣೆಗಳನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ.

ಆದರೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು 1993ರ ಇಂಗ್ಲೆಂಡ್. 1988ರ ಕಾನೂನಿನಿಂದ ಬಂದ ರಾಷ್ಟ್ರೀಯ ಪಠ್ಯಕ್ರಮ, ಅದರ ಬೆನ್ನಿಗೆ ಬಂದ ಪರೀಕ್ಷೆಗಳು ಶಿಕ್ಷಕರನ್ನು ಹೈರಾಣ ಮಾಡಿದ್ದವು. ಒಂದು ಸಂಘ ಪರೀಕ್ಷೆಗಳನ್ನು ಬಹಿಷ್ಕರಿಸಿತು, ಸ್ಥಳೀಯ ಆಡಳಿತವೊಂದು ನ್ಯಾಯಾಲಯಕ್ಕೆ ಹೋಯಿತು. ಬಹಿಷ್ಕಾರ ನ್ಯಾಯಸಮ್ಮತ ಎಂದು ತೀರ್ಪು ಬಂತು. ಏಕೆ ಗೊತ್ತೇ? ವಿವಾದ ಮುಖ್ಯವಾಗಿ ಕೆಲಸದ ಹೊರೆಯದು, ಹಾಗಾಗಿ ಅದು ಕಾನೂನಿನ ರಕ್ಷಣೆಯಿರುವ ಕಾರ್ಮಿಕ ವಿವಾದ. ಈ ಪರೀಕ್ಷೆಗಳಿಂದ ಮಕ್ಕಳಿಗೆ ಪ್ರಯೋಜನವಿಲ್ಲ ಎಂಬುದೊಂದನ್ನೇ ಹಿಡಿದಿದ್ದರೆ ಕಾನೂನಿನ ಆ ರಕ್ಷಣೆ ಸಿಗುವುದು ಕಷ್ಟವಿತ್ತು. ಶಿಕ್ಷಕರು ತಮಗೆ ದಣಿವಾಗಿದೆ ಎಂದು ಹೇಳಬಹುದು, ತಮಗೆ ತಿಳಿದಿದೆ ಎಂದು ಹೇಳುವಂತಿಲ್ಲ. ತಮಾಷೆಯೆಂದರೆ, ಅದಾದ ಮೇಲೆ ಸರ್ಕಾರವೇ ನೇಮಿಸಿದ ರಾನ್ ಡಿಯರಿಂಗ್ ಅವರ ಪರಿಶೀಲನೆ ನಡೆದು ಪಠ್ಯಕ್ರಮ, ಪರೀಕ್ಷೆ ಎರಡರ ಹೊರೆಯೂ ತಗ್ಗಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು; ಹಾಕಿದರಲ್ಲ, ಅಷ್ಟೇ ಸಂತೋಷ.

ಇಷ್ಟಾಗಿಯೂ, ಶಿಕ್ಷಕರನ್ನು ಕೇಳಬೇಕೆಂದು ಬಲ್ಲವರು ಯಾರೂ ಹೇಳಿಲ್ಲವೇ ಎಂದರೆ, ಹೇಳಿದ್ದಾರೆ. 1966ರ ಅಕ್ಟೋಬರ್ 5ರಂದು ಪ್ಯಾರಿಸ್‌ನಲ್ಲಿ ಶಿಕ್ಷಕರ ಸ್ಥಾನಮಾನದ ಶಿಫಾರಸನ್ನು ಅಂಗೀಕರಿಸಲಾಯಿತು. ಯುನೆಸ್ಕೊ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಸಿದ್ಧಪಡಿಸಿದ್ದು, ಒಟ್ಟು 146 ಪರಿಚ್ಛೇದಗಳು. ಶಿಕ್ಷಣ ನೀತಿಯನ್ನು ನಿರ್ಧರಿಸುವಾಗ ಶಿಕ್ಷಕರ ಸಂಘಟನೆಗಳನ್ನು ಜೊತೆಗೆ ಸೇರಿಸಿಕೊಳ್ಳಬೇಕು ಎಂದು ಒಂಬತ್ತನೆಯ ಪರಿಚ್ಛೇದದಲ್ಲೇ ಇದೆ. ಪುಟ ತಿರುವಿ ಹುಡುಕಬೇಕಾದ ಶ್ರಮವೂ ಇಲ್ಲ. 1994ರಿಂದ ಜಗತ್ತು ಅಕ್ಟೋಬರ್ 5ನ್ನು ಶಿಕ್ಷಕರ ದಿನವೆಂದು ಆಚರಿಸುತ್ತಿದೆ. ದಾಖಲೆಯ ತಾರೀಖನ್ನು ಉಳಿಸಿಕೊಂಡು ಒಕ್ಕಣೆಯನ್ನು ಬಿಟ್ಟೆವು. ಹೂಗುಚ್ಛ ಕೊಡುವುದು ಸುಲಭ, ಅದು ಎದುರು ಪ್ರಶ್ನೆ ಕೇಳುವುದಿಲ್ಲ.

ಮುಂದಿನ ಸಭೆಗೆ ಆ ಶಿಕ್ಷಕಿ ಬರಲಿಲ್ಲ, ತರಬೇತಿಗೆ ಹೋಗಿದ್ದರು. ಕುರ್ಚಿಯಿತ್ತು. ಫಲಕವನ್ನೂ ಮರೆಯದೆ ಇಟ್ಟಿದ್ದರು. ಇಡುವವರ ಕೈಯಲ್ಲಿ ಅದು ತಿರುಗಿ, ಬೆನ್ನು ಅಧ್ಯಕ್ಷರ ಕಡೆಗೆ ಬಂದಿತ್ತು. ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ‘42 × 3 = 126’ ಎಂಬುದನ್ನು ಒಂದೆರಡು ಕ್ಷಣ ನೋಡಿದರು. ಆಮೇಲೆ ನನ್ನತ್ತ ಬಾಗಿ, “ಏನ್ರೀ ಇದು, ಕುರ್ಚಿಯ ನಂಬರೇ?” ಎಂದು ಕೇಳಿದರು.

ಹೌದು ಸರ್ ಎಂದೆ.