ಫೋಟೋಗೆ ಹಾರ, ಹಾಡಿಗೆ ಬೀಗ

ಗ್ರಂಥಾಲಯದಲ್ಲಿ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಜಯಂತಿ ಆಚರಿಸಿದ ಸುದ್ದಿ ನೀವೂ ಓದಿರುತ್ತೀರಿ. ಯಾವ ಊರಿನ ಗ್ರಂಥಾಲಯ ಅಂತ ನಾನು ಹೇಳಲ್ಲ. ಹೇಳಿದರೆ ಉಳಿದ ಊರಿನವರು ‘ನಮ್ಮದನ್ನು ಯಾಕೆ ಬಿಟ್ಟಿರಿ’ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

‘ಸಂಗೀತ ವಿಭಾಗದ ಆಶ್ರಯದಲ್ಲಿ’ ಅಂತ ಬ್ಯಾನರಿನಲ್ಲಿತ್ತು. ಸಂಗೀತ ವಿಭಾಗ ಎಲ್ಲಿದೆ ಅಂತ ಹುಡುಕಬೇಡಿ, ಬ್ಯಾನರಿನ ಹಿಂದೇ ಇದೆ. ಒಂದು ಕಬ್ಬಿಣದ ಬೀರು. ಹಗ್ಗ ಬಿಗಿಯಲು ಗೋಡೆಯಲ್ಲಿ ಮೊಳೆ ಇರಲಿಲ್ಲವಂತೆ, ಬೀರುವಿನ ಹಿಡಿಗೇ ಕಟ್ಟಿದ್ದರು. ಜಯಂತಿಗೆ ಸಂಗೀತ ಸಂಗ್ರಹ ಇಷ್ಟಾದರೂ ನೆರವಾಯಿತಲ್ಲ, ಸಂತೋಷ.

ಕಾರ್ಯಕ್ರಮ ಬಹಳ ಅಚ್ಚುಕಟ್ಟು. ಹಾರ, ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ಹಾಕಿಸಿಕೊಂಡವರಿಗೂ ಗಂಗೂಬಾಯಿಯವರಿಗೂ ಏನು ಸಂಬಂಧ ಅಂತ ಕೇಳಬಾರದು. ಆಮೇಲೆ ಭಾಷಣ. ಪ್ರತಿ ಭಾಷಣದಲ್ಲೂ ಗಂಗೂಬಾಯಿ ಪಾಠಕ್ಕೆ ಹೋಗುತ್ತಿದ್ದ ಆ ರೈಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೊರಡಲೇಬೇಕು, ಅಲ್ಲಿ ಗುರು ಸವಾಯಿ ಗಂಧರ್ವರು ಪಾಠ ಹೇಳಲೇಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಸ್ವಾಗತಗೀತೆ ಹಾಡಲೇಬೇಕು. 1971ಕ್ಕೆ ಪದ್ಮಭೂಷಣ, 2002ಕ್ಕೆ ಪದ್ಮವಿಭೂಷಣ. ಎಲ್ಲಾ ನಿಜವೇ. ಆದರೆ ಹಾಡುತ್ತಿದ್ದದ್ದು ಹೇಗೆ ಅನ್ನೋ ಹೊತ್ತಿಗೆ ಚಹಾ ಬಂತು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ಪ್ಲೇಟುಗಳಲ್ಲಿ ಒಂದು ಬದಿಗೆ ಸಿಗುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಅಷ್ಟರಲ್ಲೇ ರಾಗದ ಮುಖ ತೋರಿಸಿ, ಬಂದಿಶ್ ಅಂದರೆ ಆ ರಾಗದ ಹಾಡು ಹಾಡಿ, ತಾನ್ ಅಂದರೆ ವೇಗದ ಸ್ವರಗಳ ಓಟ ಹೊಡೆದು ಮುಗಿಸಬೇಕಿತ್ತು. ನಮ್ಮವರ ಸ್ವಾಗತ ಭಾಷಣದ ಅವಧಿಯಲ್ಲಿ ಅಂಥವು ಆರೇಳು ಪ್ಲೇಟು ಮುಗಿಯುತ್ತಿದ್ದವು.

ವಂದನಾರ್ಪಣೆಗೆ ಮುಂಚೆ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಅವರದೊಂದು ಹಾಡು ಹಾಕ್ತೀರಾ?’ ಅಂದಳಂತೆ. ಎಂಥ ಮಾತು! ಬೀಗದ ಕೈ ಇರುವವರು ರಜೆಯಲ್ಲಿದ್ದರು.

ಬೀಗ ತೆಗೆದಿದ್ದರೂ ಹಾಡು ಸಿಗುತ್ತಿತ್ತೇ? ನನಗೆ ಅನುಮಾನ. ಗಂಗೂಬಾಯಿಯವರ ಹುಟ್ಟುಹೆಸರು ಗಾಂಧಾರಿ. ಶುರುವಿನ ಪ್ಲೇಟುಗಳ ಮೇಲೆ ಇರುವುದೂ ‘ಗಾಂಧಾರಿ ಹುಬ್ಳಿ’ ಅಂತಲೇ. ನಮ್ಮ ದಾಖಲೆ ಪುಸ್ತಕದ ಧಾಟಿ ನೋಡಿದರೆ ಅಂಥ ಪ್ಲೇಟು ಮಹಾಭಾರತದ ಪಕ್ಕ, ಪುರಾಣ ವಿಭಾಗದಲ್ಲಿ ಸುಖವಾಗಿರಬೇಕು. ಯಾರೋ ಪುಣ್ಯಾತ್ಮ ಹುಡುಕಿ ಹಾಕಿದರೂ ಮುಖ್ಯ ಅತಿಥಿಗಳು ‘ಇದು ಅವರಲ್ಲ ಬಿಡ್ರಿ, ಯಾರೋ ಸಣ್ಣ ಹುಡುಗಿ’ ಅಂತ ನಿಲ್ಲಿಸುತ್ತಿದ್ದರು. ಯಾಕೆಂದರೆ ನಮಗೆಲ್ಲ ಗೊತ್ತಿರುವ ಆ ಗಡುಸು ದನಿ ಬಂದದ್ದು ಗಂಟಲಿನ ಶಸ್ತ್ರಚಿಕಿತ್ಸೆ ಆದ ಮೇಲೆ. ಅದಕ್ಕೂ ಮುಂಚಿನದು ಎತ್ತರದ, ತೆಳುವಾದ ಹೆಣ್ಣುದನಿ. ಆ ದನಿ ಈಗ ಇರುವುದು ಪ್ಲೇಟಿನಲ್ಲಿ ಮಾತ್ರ. ಭಾಷಣದಲ್ಲಿ ಅದನ್ನು ಹಾಡಿ ತೋರಿಸಲು ಆಗುತ್ತದೆಯೇ?

ಜಯಂತಿ ಮಾಡುವವರ ಕಷ್ಟವೂ ನನಗೆ ಗೊತ್ತು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ್ದು 1910ರ ಡಿಸೆಂಬರ್ 31. ಪಿಟೀಲು ಚೌಡಯ್ಯನವರು 1895ರ ಜನವರಿ 1. ನಡುವೆ ಒಂದೇ ರಾತ್ರಿ! ಒಂದೇ ಶಾಮಿಯಾನ, ಅದೇ ಬಾಡಿಗೆ ಕುರ್ಚಿ, ಫೋಟೋ ಮಾತ್ರ ಬದಲಾಯಿಸಿದರೆ ಸಾಕು. ಇಷ್ಟು ಸಹಕರಿಸಿ ಹುಟ್ಟಿದರೂ ಆ ರಾತ್ರಿ ಊರಿಗೆ ಊರೇ ಬೇರೆ ಸಂಗೀತಕ್ಕೆ ಕುಣಿಯುತ್ತಿರುತ್ತದೆ. ಚೌಡಯ್ಯನವರಿಗಾದರೂ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ. ಅದರ ಮುಂದೆ ಫೋಟೋ ತೆಗೆಸಿಕೊಂಡವರಲ್ಲಿ ಅವರ ಏಳು ತಂತಿಯ ಪಿಟೀಲನ್ನು ಒಮ್ಮೆ ಕೇಳಿದವರು ಎಷ್ಟು ಜನ ಅಂತ ಸುಮ್ನೆ ವಿಚಾರಿಸಿ ನೋಡಿ.

ಆ ಪ್ಲೇಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಜನಕ್ಕೆ ಕೇಳಿಸಿ ಅಂದರೆ ‘ಕಾಪಿರೈಟ್ ತೊಂದರೆ’ ಅನ್ನುತ್ತಾರೆ. ಯಾವ ತೊಂದರೆ? ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ. 1930ರ ದಶಕದ ಪ್ಲೇಟಿನ ಹಕ್ಕು ಮುಗಿದು ಒಂದು ತಲೆಮಾರೇ ಆಯಿತು. ನಿಜವಾದ ತೊಂದರೆ ಬೇರೆ. ಅರಗಿನ ಪ್ಲೇಟು, ಕೈ ಜಾರಿದರೆ ಚೂರು. ಒಡೆದರೆ ದಾಸ್ತಾನು ತಪಾಸಣೆಯಲ್ಲಿ ಲೆಕ್ಕ ಕೊಡಬೇಕು, ಸಂಬಳಕ್ಕೂ ಕತ್ತರಿ ಬೀಳಬಹುದು. ಯಾರೂ ಕೇಳದೆ ಹಾಳಾದರೆ ಯಾರೂ ಏನೂ ಕೇಳುವುದಿಲ್ಲ. ಹಾಗಿರುವಾಗ ಬೀಗ ಹಾಕಿದವರನ್ನು ಪೂರ್ತಿ ಬೈಯುವುದು ಹೇಗೆ?

ಬೈಯಬೇಕಾದದ್ದು ಈ ನಿಯಮ ಇಟ್ಟವರನ್ನು. ನಾವು ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಕಟ್ಟುತ್ತೇವೆ. ಅದೇ ದುಡ್ಡಿನ ಬೀರುವಿನಲ್ಲಿ ಟೇಪಿನ ಸುರುಳಿಗಳಿಗೆ ಬೂಷ್ಟು ಹಿಡಿಯುತ್ತಿದೆ. ಹಳೆಯ ಹಾಡು ಇವತ್ತು ನಮ್ಮ ಮೊಬೈಲಿನಲ್ಲಿ ಕೇಳುತ್ತಿದ್ದರೆ ಅದು ಬಹುಪಾಲು ರದ್ದಿ ಅಂಗಡಿಗಳಲ್ಲಿ ಪ್ಲೇಟು ಹೆಕ್ಕಿ, ಸ್ವಂತ ಕಾಸಿನಲ್ಲಿ ಸೂಜಿ ತಂದು, ಮನೆಯಲ್ಲಿ ಕೂತು ದಾಖಲಿಸಿದ ಹವ್ಯಾಸಿಗಳ ಕೆಲಸ. ಅವರಿಗೆ ಯಾರೂ ಪೇಟ ಹಾಕಿಲ್ಲ. ಸಾಕಾಗಿದೆ ನಿಜಕ್ಕೂ.

ಜಯಂತಿ ಮುಗಿದ ಮೇಲೆ ಮೇಲಿನವರಿಗೆ ವರದಿ ಹೋಗುತ್ತದೆ. ಎಷ್ಟು ಜನ ಬಂದಿದ್ದರು, ಗಣ್ಯರು ಯಾರು, ಫೋಟೋ ಲಗತ್ತಿಸಿದೆಯೇ. ಆ ನಮೂನೆಯಲ್ಲಿ ‘ಹಾಡು ಹಾಕಿದಿರಾ?’ ಅಂತ ಒಂದೇ ಒಂದು ಸಾಲು ಸೇರಿಸಿ ಸ್ವಾಮಿ. ಮೆಮೋ ಬರುತ್ತದೆ ಅನ್ನುವ ಹೆದರಿಕೆಗಾದರೂ ಬೀಗದ ಕೈ ಸಿಕ್ಕೀತು.