ಬ್ರೌಸರ್‌ನ ಹೆಸರು ಕೇಳಿ ಮಣೆ ಹಾಕುವವರು

"ಈ ಜಾಲತಾಣವನ್ನು ಕ್ರೋಮ್‌ನಲ್ಲೇ ತೆರೆಯಿರಿ" ಎಂಬ ಸೂಚನೆ ಕಂಡರೆ ನನಗೆ ಮೈಯುರಿಯುತ್ತದೆ. ತೊಂಬತ್ತರ ದಶಕದಲ್ಲಿ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಜಿದ್ದಿಗೆ ಬಿದ್ದಿದ್ದಾಗ ಪುಟದ ಬುಡದಲ್ಲಿ ಇಂಥದ್ದೇ ಬಿಲ್ಲೆ ಅಂಟಿಸುತ್ತಿದ್ದರು. ಆಗ ಒಂದು ನೆಪವಾದರೂ ಇತ್ತು: ಎರಡೂ ಬ್ರೌಸರ್‌ಗಳು ತಮ್ಮತಮ್ಮದೇ ಟ್ಯಾಗ್‌ಗಳನ್ನು, ಅಂದರೆ ಪುಟ ಕಟ್ಟುವ ಸಂಕೇತಗಳನ್ನು, ಹುಟ್ಟುಹಾಕುತ್ತಿದ್ದವು. ಈಗ ಆ ನೆಪವೂ ಬಹುಮಟ್ಟಿಗೆ ಹೋಗಿದೆ. ಪುಟದ ವಿನ್ಯಾಸ ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಪುಟವನ್ನು ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸುವ 'ಗ್ರಿಡ್' 2017ರ ಮಾರ್ಚ್ ತಿಂಗಳೊಂದರಲ್ಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂತು.

ಇನ್ನೂ ತಮಾಷೆಯೆಂದರೆ, ಐಫೋನ್ ಇರುವವರು ಆ ಸೂಚನೆಯನ್ನು ಪಾಲಿಸಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಅಲ್ಲಿನ ಕ್ರೋಮ್‌ನ ಹೊಟ್ಟೆಯಲ್ಲಿರುವುದೂ ಪುಟವನ್ನು ಪರದೆಗೆ ಮೂಡಿಸುವ ಸಫಾರಿಯ ವೆಬ್‌ಕಿಟ್ ಎಂಜಿನ್ನೇ.

ಹೆಸರು ನೋಡಿ ಪುಟ ಬಡಿಸುವ ಈ ಚಾಳಿ ಹಳೆಯದು. ಪುಟ ಕೇಳುವಾಗ ಬ್ರೌಸರ್ ತನ್ನ ಗುರುತನ್ನೂ ಜಾಲತಾಣಕ್ಕೆ ಹೇಳುತ್ತದೆ. ನೆಟ್‌ಸ್ಕೇಪ್ ತನ್ನನ್ನು ಮೊಜಿಲ್ಲಾ ಎಂದು ಗುರುತಿಸಿಕೊಳ್ಳುತ್ತಿತ್ತು. ಫ್ರೇಮ್ ಇರುವ, ಅಂದರೆ ಹಲವು ಭಾಗಗಳಾಗಿ ಒಡೆದ, ಪುಟಗಳನ್ನು ಆ ಗುರುತು ಹೇಳಿದವರಿಗಷ್ಟೇ ಕಳಿಸುತ್ತಿದ್ದರು. ಎಕ್ಸ್‌ಪ್ಲೋರರ್ ಸುಮ್ಮನಿರುತ್ತದೆಯೇ? ತಾನೂ ಮೊಜಿಲ್ಲಾ ಎಂದು ಹೇಳಿಕೊಂಡು ಒಳಗೆ ಬಂತು. ಇವತ್ತಿನ ಕ್ರೋಮ್ ತನ್ನ ಗುರುತಿನಲ್ಲಿ ಮೊಜಿಲ್ಲಾ, ಸಫಾರಿ ಎರಡನ್ನೂ ಹೇಳಿಕೊಳ್ಳುತ್ತದೆ. ಇಷ್ಟೊಂದು ವೇಷಗಳನ್ನು ನಂಬಿ ಕೋಡ್ ಬರೆಯುವವರ ಧೈರ್ಯವನ್ನು ಮೆಚ್ಚಲೇಬೇಕು. "ನೀನು ಯಾರು" ಎನ್ನುವ ಬದಲು "ನಿನಗೆ ಇದು ಬರುತ್ತದೆಯೇ" ಎಂದು ಕೇಳಲು ಸಿಎಸ್‌ಎಸ್‌ನಲ್ಲೇ ಸಪೋರ್ಟ್ಸ್ ನಿಯಮವಿದೆ. ಬರುವವರಿಗೆ ಅಂದದ ವಿನ್ಯಾಸ, ಬಾರದವರಿಗೆ ಸಾದಾ ಪುಟ. ಕೆಲಸ ಮಾತ್ರ ಇಬ್ಬರಿಗೂ ಆಗಬೇಕು.

ಆದರೆ ಎಲ್ಲ ಕಡೆ ಪುಟ ಪಡಿಯಚ್ಚಿನಂತೆ ಕಾಣಬೇಕು ಎಂಬ ಹಟ ನಮ್ಮಲ್ಲಿನ್ನೂ ಹೋಗಿಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸಕ್ಕೆ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 'ರೆಸ್ಪಾನ್ಸಿವ್' ಎಂದು ಹೆಸರಿಟ್ಟದ್ದು 2010ರಲ್ಲಿ. ಇಂದಿಗೂ ಲ್ಯಾಪ್‌ಟಾಪ್ ಚಿತ್ರವನ್ನೂ ಫೋನ್ ಚಿತ್ರವನ್ನೂ ಅಕ್ಕಪಕ್ಕ ಇಟ್ಟು "ಇಲ್ಲಿ ಎರಡು ಪಿಕ್ಸೆಲ್ ಆಚೀಚೆ ಆಗಿದೆ" ಎಂದು ತಕರಾರು ತೆಗೆಯುವವರಿದ್ದಾರೆ. ಅದೇ ಪುಟದಲ್ಲಿ 'ಸಲ್ಲಿಸಿ' ಗುಂಡಿ ಫೋನ್‌ನಲ್ಲಿ ಕಾಣುವುದೇ ಇಲ್ಲ ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ.

ಆ ಗುಂಡಿ ಎಲ್ಲಿ ಹೋಗುತ್ತದೆ ಗೊತ್ತೇ? ಪುಟದ ಎತ್ತರವನ್ನು 100 ವಿಎಚ್ (ಅಂದರೆ ಪರದೆಯ ಎತ್ತರದ ನೂರಕ್ಕೆ ನೂರು) ಎಂದು ಕೊಟ್ಟರೆ, ಮೊಬೈಲ್ ಬ್ರೌಸರ್ ವಿಳಾಸಪಟ್ಟಿ ಮಡಚಿಕೊಂಡಾಗ ಸಿಗುವ ಪೂರ್ಣ ಎತ್ತರವನ್ನು ಲೆಕ್ಕ ಹಿಡಿಯುತ್ತದೆ. ಪುಟ ತೆರೆದ ಕ್ಷಣದಲ್ಲಿ ಪಟ್ಟಿ ಇನ್ನೂ ಬಿಚ್ಚಿಕೊಂಡೇ ಇರುತ್ತದೆ. ಅಷ್ಟು ಎತ್ತರ ಕಡಿಮೆಯಾಗಿ, ತಳಕ್ಕೆ ಅಂಟಿಸಿದ ಗುಂಡಿ ಪರದೆಯಿಂದ ಕೆಳಗೆ ಜಾರುತ್ತದೆ. ಸ್ಕ್ರಾಲ್ ಆಗದಂತೆ ಪುಟವನ್ನು ಕಟ್ಟಿಹಾಕಿದ್ದರಂತೂ ಬಳಕೆದಾರ ಫಾರಂ ತುಂಬಿ ಕೈಕಟ್ಟಿ ಕೂರಬೇಕು. ಇದಕ್ಕೆಂದೇ ಡಿವಿಎಚ್ (ಆ ಕ್ಷಣ ಕಾಣುವ ಎತ್ತರ), ಎಸ್‌ವಿಎಚ್ (ಪಟ್ಟಿ ಬಿಚ್ಚಿಕೊಂಡಾಗಿನ ಎತ್ತರ) ಎಂಬ ಹೊಸ ಅಳತೆಗಳು ಬಂದಿವೆ. ಹಳೆಯ ಬ್ರೌಸರ್‌ಗಾಗಿ ಮೊದಲು ವಿಎಚ್ ಬರೆದು, ಅದರ ಕೆಳಗಿನ ಸಾಲಿನಲ್ಲಿ ಡಿವಿಎಚ್ ಬರೆದರಾಯಿತು. ಅರ್ಥವಾಗದ ಸಾಲನ್ನು ಬ್ರೌಸರ್ ತಾನಾಗಿಯೇ ಬಿಟ್ಟುಬಿಡುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಕಿಟಕಿಯನ್ನು ಕಿರಿದು ಮಾಡಿ "ಮೊಬೈಲ್ ಪರೀಕ್ಷೆ ಮುಗಿಯಿತು" ಎನ್ನುವವರಿಗೆ ಇದು ಯಾವುದೂ ಕಾಣದು. ಅಲ್ಲಿ ವಿಳಾಸಪಟ್ಟಿ ಮಡಚುವುದಿಲ್ಲ, ಕೀಬೋರ್ಡ್ ಎದ್ದುಬಂದು ಅರ್ಧ ಪರದೆ ನುಂಗುವುದಿಲ್ಲ. 16 ಪಿಕ್ಸೆಲ್‌ಗಿಂತ ಸಣ್ಣ ಅಕ್ಷರವಿರುವ, ಫಾರಂ ತುಂಬುವ ಪೆಟ್ಟಿಗೆಯನ್ನು ಮುಟ್ಟಿದರೆ ಐಫೋನಿನ ಸಫಾರಿ ಇಡೀ ಪುಟವನ್ನೇ ಹಿಗ್ಗಿಸುವುದೂ ಅಲ್ಲಿ ತಿಳಿಯುವುದಿಲ್ಲ. ದೂರು ಬಂದ ಮೇಲೆ ಮಾಡುವ ಮದ್ದು ಇನ್ನೂ ಕೆಟ್ಟದ್ದು: ಹಿಗ್ಗಿಸುವುದನ್ನೇ ನಿಷೇಧಿಸುವ ಸಾಲೊಂದನ್ನು ಸೇರಿಸುತ್ತಾರೆ. ಬೆರಳಿನಿಂದ ಹಿಗ್ಗಿಸುವವರ ಮಟ್ಟಿಗೆ ಆ ನಿಷೇಧವನ್ನು ಸಫಾರಿ ಲೆಕ್ಕಿಸುವುದಿಲ್ಲ. ಆಂಡ್ರಾಯ್ಡ್‌ನ ಕ್ರೋಮ್ ಸಾಮಾನ್ಯವಾಗಿ ವಿಧೇಯವಾಗಿ ಪಾಲಿಸುತ್ತದೆ, ಕಣ್ಣು ಮಂಜಾದವರು ಓದಲಾಗದೆ ಒದ್ದಾಡುತ್ತಾರೆ. ಅಕ್ಷರವನ್ನು 16 ಪಿಕ್ಸೆಲ್‌ಗೆ ಏರಿಸಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.